ಲಾಯದಲ್ಲಿ ಸೋಂಕು ಒಂದು ಕುದುರೆಯಿಂದ ಇನ್ನೊಂದಕ್ಕೆ ದಾಟದಂತೆ ನೋಡಿಕೊಳ್ಳುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಕುದುರೆಗೆ ಗಂಟಲು ಬಾವು ತರಿಸುವ ಸ್ಟ್ರ್ಯಾಂಗಲ್ಸ್ ರೋಗದಲ್ಲಿ ನಮಗೊಂದು ಅನುಕೂಲ ಇದೆ. ಮೊದಲು ಬರುವುದು ಜ್ವರ. ಮೂಗಿನಿಂದ ರೋಗಾಣು ಹೊರಬೀಳಲು ಶುರುವಾಗುವುದು ಅದಾಗಿ ಒಂದೆರಡು ದಿನಕ್ಕೆ. ಹಳದಿ ಸಿಂಬಳ ಸುರಿಯುವುದು, ದವಡೆ ಕೆಳಗೆ ಗಂಟು ಊದುವುದು ಸಾಮಾನ್ಯವಾಗಿ ಆಮೇಲೆ. ಅಂದರೆ ಜ್ವರವನ್ನು ಮೊದಲ ದಿನವೇ ಹಿಡಿದು ಆ ಕುದುರೆಯನ್ನು ಬೇರೆ ಕಡೆ ಕಟ್ಟಿದರೆ ಉಳಿದವು ಬಚಾವಾಗುವ ಸಾಧ್ಯತೆ ಜಾಸ್ತಿ. ಗಂಟು ಕಂಡ ಮೇಲೆ ಎಚ್ಚೆತ್ತುಕೊಂಡರೆ, ಅಷ್ಟರಲ್ಲಿ ರೋಗ ನೀರಿನ ತೊಟ್ಟಿಗೆ ಇಳಿದಾಗಿರುತ್ತದೆ.

ಆ ಒಂದೆರಡು ದಿನವನ್ನು ಕೈಬಿಡದೆ ಬಳಸಿಕೊಳ್ಳುವುದು ಹೇಗೆ ಅನ್ನುವುದೇ ಈ ಬರಹ. ರೇಸ್ ಕ್ಲಬ್ಬುಗಳಿಗೆ, ಕುಣಿಗಲ್‌ನಂಥ ದೊಡ್ಡ ಸ್ಟಡ್ ಫಾರಂಗಳಿಗೆ ತಮ್ಮದೇ ಡಾಕ್ಟರು, ತಮ್ಮದೇ ಕಟ್ಟುಪಾಡು ಇರುತ್ತವೆ. ನಾನು ಬರೆಯುತ್ತಿರುವುದು ನಾಲ್ಕೈದು ಕುದುರೆ ಇಟ್ಟುಕೊಂಡು ರೈಡಿಂಗ್ ಕಲಿಸುವವರಿಗೆ, ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರಿಗೆ, ಮೈಸೂರಿನಲ್ಲಿ ಟಾಂಗಾ ಓಡಿಸುವವರಿಗೆ, ತೋಟದಲ್ಲಿ ಆಸೆಗೆ ಒಂದೆರಡು ಸಾಕಿಕೊಂಡವರಿಗೆ. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದು ಇಲ್ಲಿಲ್ಲ. ಅದು ಪಶುವೈದ್ಯರ ಕೆಲಸ. ಹರಡದಂತೆ ತಡೆಯುವುದು ಮಾತ್ರ ಪೂರ್ತಿ ನಮ್ಮ ಕೆಲಸ.

1. ರೋಗ ಯಾವ ದಾರಿಯಲ್ಲಿ ಬರುತ್ತದೆ ಅಂತ ತಿಳಿದುಕೊಳ್ಳಿ

ಎಲ್ಲ ರೋಗದ ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ದಾರಿ ಗೊತ್ತಿದ್ದರೆ ಸಾಕು.

ಉಸಿರು ಮತ್ತು ಕೆಮ್ಮಿನಿಂದ ಹರಡುವುದು ಕುದುರೆ ಫ್ಲೂ ಮತ್ತು ಹರ್ಪಿಸ್. ಫ್ಲೂ ಬಂದ ಕುದುರೆ ಕೆಮ್ಮಿದರೆ ಆ ಹನಿ ಹತ್ತಾರು ಮೀಟರ್ ದೂರ ಹೋಗಬಲ್ಲದು. ಸೋಂಕು ತಗುಲಿದ ಒಂದರಿಂದ ಮೂರು ದಿನದೊಳಗೆ ಲಕ್ಷಣ ಕಾಣಿಸುತ್ತದೆ. ಹಾಗಾಗಿ ಲಸಿಕೆ ಇಲ್ಲದ ಲಾಯದಲ್ಲಿ ಇದು ವಾರದೊಳಗೆ ಎಲ್ಲ ಕುದುರೆಗಳನ್ನೂ ಮಲಗಿಸುತ್ತದೆ. ಸ್ಟ್ರ್ಯಾಂಗಲ್ಸ್‌ನಲ್ಲಿ ಸಿಗುವ ಬಿಡುವು ಫ್ಲೂನಲ್ಲಿ ಸಿಗುವುದಿಲ್ಲ. ಅದಕ್ಕೆ ಲಸಿಕೆಯೇ ದಾರಿ.

ಮೂಗಿನ ಸಿಂಬಳ, ಕೀವು, ಎಂಜಲು ತಾಗಿದ ನೀರು ಮತ್ತು ಮೇವಿನಿಂದ ಹರಡುವುದು ಸ್ಟ್ರ್ಯಾಂಗಲ್ಸ್ ಮತ್ತು ಗ್ಲ್ಯಾಂಡರ್ಸ್. ರಕ್ತದಿಂದ, ಅಂದರೆ ಕಚ್ಚುವ ನೊಣ ಮತ್ತು ಒಂದೇ ಸೂಜಿಯನ್ನು ಹಲವಕ್ಕೆ ಚುಚ್ಚುವುದರಿಂದ ಹರಡುವುದು ಸರ್ರಾ ಮತ್ತು ಇಕ್ವೈನ್ ಇನ್ಫೆಕ್ಷಿಯಸ್ ಅನೀಮಿಯಾ. ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳದಿಂದ ಬರುವುದು ಪೈರೋಪ್ಲಾಸ್ಮೋಸಿಸ್. ಬ್ರಷ್ಷು, ಜೀನಿನ ಕೆಳಗಿನ ಬಟ್ಟೆ, ಹೊಟ್ಟೆಪಟ್ಟಿಯಿಂದ ಹರಡುವುದು ಹುಳುಕಡ್ಡಿ. ಇದು ಸವಾರರ ಕೈಗೂ ಅಂಟಿಕೊಳ್ಳುತ್ತದೆ.

2. ಥರ್ಮಾಮೀಟರ್ ಕೊಳ್ಳಿ, ದಿನಾ ಬಳಸಿ

ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಮೆಡಿಕಲ್ ಶಾಪಿನ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಸಾಕು. ಎರಡು ತನ್ನಿ. ಒಂದು ಆರೋಗ್ಯವಾಗಿರುವವಕ್ಕೆ, ಇನ್ನೊಂದು ಕಾಯಿಲೆ ಬಿದ್ದ ಕುದುರೆಗೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ.

ಬೆಳಿಗ್ಗೆ ಕೆಲಸಕ್ಕೆ ಹಚ್ಚುವ ಮುಂಚೆ ನೋಡಬೇಕು. ಓಡಿ ಬಂದ ಕುದುರೆ, ಬಿಸಿಲಲ್ಲಿ ನಿಂತ ಕುದುರೆ ಬಿಸಿಯಾಗಿಯೇ ಇರುತ್ತದೆ. ಸಂಜೆಯ ಲೆಕ್ಕವೂ ಬೆಳಗಿನದಕ್ಕಿಂತ ತುಸು ಮೇಲಿರುತ್ತದೆ. ಒಬ್ಬರು ತಲೆ ಹತ್ತಿರ ಲಗಾಮು ಹಿಡಿದು ನಿಲ್ಲಲಿ. ಇನ್ನೊಬ್ಬರು ಕುದುರೆಯ ಎಡಗಡೆ ಸೊಂಟಕ್ಕೆ ಒತ್ತಿಕೊಂಡ ಹಾಗೆ ನಿಲ್ಲಬೇಕು. ನೇರ ಹಿಂದೆ ನಿಲ್ಲಲೇಬೇಡಿ. ಬೆನ್ನ ಮೇಲಿಂದ ಕೈ ಸವರುತ್ತಾ ಬಾಲದ ಬುಡಕ್ಕೆ ಬಂದು, ಬಾಲವನ್ನು ಮೇಲೆತ್ತುವ ಬದಲು ಪಕ್ಕಕ್ಕೆ ಸರಿಸಿ. ತುದಿಗೆ ವ್ಯಾಸಲೀನ್ ಹಚ್ಚಿ, ಗುದದ್ವಾರದೊಳಗೆ ಎರಡು ಇಂಚಿನಷ್ಟು ನಿಧಾನವಾಗಿ ಬಿಡಿ. ತುದಿ ಕರುಳಿನ ಗೋಡೆಗೆ ತಾಗುವ ಹಾಗೆ ಸ್ವಲ್ಪ ವಾಲಿಸಿ. ಲದ್ದಿ ಉಂಡೆಯೊಳಗೆ ಚುಚ್ಚಿದರೆ ಬರುವ ಲೆಕ್ಕ ತಪ್ಪು. ಥರ್ಮಾಮೀಟರಿಗೆ ಒಂದು ದಾರ, ದಾರದ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಕಟ್ಟಿ ಬಾಲದ ಕೂದಲಿಗೆ ಸಿಕ್ಕಿಸಿದರೆ ಕೈಜಾರಿ ಬಿದ್ದು ಒಡೆಯುವುದಿಲ್ಲ.

ದೊಡ್ಡ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. 101.5 ದಾಟಿದರೆ, ಅಂದರೆ 38.6 ಸೆಲ್ಸಿಯಸ್ ಹತ್ತಿರ ಬಂದರೆ, ಜ್ವರ ಅಂತಲೇ ಲೆಕ್ಕ. ಮರಿಗಳಿಗೆ 102ರ ತನಕ ಸಹಜವೇ. ಆದರೆ ಈ ಪಟ್ಟಿಗಿಂತ ಮುಖ್ಯವಾದದ್ದು ನಿಮ್ಮ ಕುದುರೆಯ ಸ್ವಂತ ಲೆಕ್ಕ. ದಿನಾ 99.4 ಬರುವ ಕುದುರೆ ಇದ್ದಕ್ಕಿದ್ದಂತೆ 101 ತೋರಿಸಿದರೆ ಅದೂ ಸುದ್ದಿಯೇ. ಅದಕ್ಕೆ ಬರೆದಿಡಬೇಕು. ಲಾಯದ ಗೋಡೆಗೆ ಒಂದು ನೋಟ್‌ಬುಕ್ಕು ನೇತುಹಾಕಿ. ದಿನಾಂಕ, ಕುದುರೆ ಹೆಸರು, ಡಿಗ್ರಿ, ಮೇವು ತಿಂತಾ ಇಲ್ವಾ. ಇಷ್ಟು ಸಾಕು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೂ ಆದೀತು, ಆದರೆ ಹಳೆಯದನ್ನು ಹುಡುಕುವಾಗ ಪುಸ್ತಕವೇ ವಾಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುದುರೆ ಮಂಕಾಗಿದೆ ಅಂತ ಡಿಗ್ರಿ ನೋಡುವ ಮುಂಚೆಯೇ ನೋವಿನ ಇಂಜೆಕ್ಷನ್ ಕೊಡಿಸುವ ಚಾಳಿ ನಮ್ಮಲ್ಲಿ ಜಾಸ್ತಿ. ಆ ಔಷಧಿ ಜ್ವರವನ್ನೂ ಇಳಿಸಿಬಿಡುತ್ತದೆ. ಕುದುರೆ ಚುರುಕಾಯಿತು ಅಂತ ಮತ್ತೆ ಎಲ್ಲರ ಜೊತೆ ಬಿಡುತ್ತೀರಿ. ಸೋಂಕು ಮಾತ್ರ ಒಳಗೇ ಇರುತ್ತದೆ.

3. ರೋಗ ಬರುವ ಮೊದಲೇ ಲಾಯವನ್ನು ಭಾಗ ಮಾಡಿಕೊಳ್ಳಿ

ಜ್ವರ ಬಂದ ಕುದುರೆಯನ್ನು ಎಲ್ಲಿ ಕಟ್ಟುವುದು ಅಂತ ಜ್ವರ ಬಂದ ದಿನ ಯೋಚಿಸಿದರೆ ತಡವಾಯಿತು. ಇವತ್ತೇ ಜಾಗ ಗುರುತು ಮಾಡಿ. ಉಳಿದ ಕುದುರೆಗಳಿಂದ ಕನಿಷ್ಠ 10 ಮೀಟರ್ ದೂರ ಇರಬೇಕು, 50 ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾಳಿ ಆ ಕಡೆಯಿಂದ ಲಾಯದ ಕಡೆಗೆ ಬೀಸಬಾರದು. ಅಲ್ಲಿನ ಗಂಜಲ, ತೊಳೆದ ನೀರು ಲಾಯದ ಮುಂದೆ ಹರಿದು ಬರಬಾರದು.

‘ನಮ್ಮದು ಒಂದೇ ಶೆಡ್ಡು, ಜಾಗ ಎಲ್ಲಿಂದ ತರೋದು’ ಅನ್ನುವವರೇ ಜಾಸ್ತಿ, ನಿಜ. ಹಾಗಿದ್ದಾಗ ಬಾಗಿಲ ಹತ್ತಿರದ ಕೊನೆಯ ಅಂಕಣವನ್ನು ಕಾಯಿಲೆಗೆ ಮೀಸಲಿಡಿ, ಅದರ ಪಕ್ಕದ್ದನ್ನು ಖಾಲಿ ಬಿಡಿ, ನಡುವೆ ಟಾರ್ಪಾಲು ಎಳೆದು ಕಟ್ಟಿ. ಮೂಗಿಗೆ ಮೂಗು ತಾಗದಂತೆ ಆದರೂ ಅರ್ಧ ಕೆಲಸ ಆದಂತೆ. ಪಕ್ಕದ ತೋಟದವರ ಖಾಲಿ ದನದ ಕೊಟ್ಟಿಗೆ ಕೇಳಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಸ್ಟ್ರ್ಯಾಂಗಲ್ಸ್, ಕುದುರೆ ಫ್ಲೂ ದನಗಳ ರೋಗ ಅಲ್ಲ. ಆದರೆ ಬಳಸಿದ ಮೇಲೆ ತೊಳೆದು ಕೊಡುವ ಮರ್ಯಾದೆ ನಮ್ಮದು.

4. ಹೊಸ ಕುದುರೆ ಬಂದಾಗ 21 ದಿನ

ಬಹಳಷ್ಟು ರೋಗ ಲಾಯಕ್ಕೆ ಬರುವುದು ದುಡ್ಡು ಕೊಟ್ಟು ತಂದ ಕುದುರೆಯ ಜೊತೆಗೆ. ಲಾರಿಯಲ್ಲಿ ದೂರದಿಂದ ಬಂದ ಕುದುರೆ ದಣಿದಿರುತ್ತದೆ, ದಾರಿಯಲ್ಲಿ ಬೇರೆ ಕುದುರೆಗಳ ಜೊತೆ ನಿಂತಿರುತ್ತದೆ. ನೋಡಲು ಠೀವಿಯಾಗಿದೆ ಅಂತ ಅವತ್ತೇ ಎಲ್ಲರ ನಡುವೆ ಕಟ್ಟಬೇಡಿ.

ಮೂರು ವಾರ ಬೇರೆ ಇಡಿ. ಎರಡು ವಾರಕ್ಕಿಂತ ಕಡಿಮೆಯಂತೂ ಬೇಡವೇ ಬೇಡ, ಯಾಕೆಂದರೆ ಸ್ಟ್ರ್ಯಾಂಗಲ್ಸ್ ತಗುಲಿದ ಮೇಲೆ ಹೊರಗೆ ಕಾಣಲು 14 ದಿನ ಹಿಡಿಯಬಹುದು. ಆ ಮೂರು ವಾರವೂ ಬೆಳಿಗ್ಗೆ, ಸಂಜೆ ಎರಡು ಹೊತ್ತು ಜ್ವರ ನೋಡಿ. ನಡುವೆ ಇನ್ನೊಂದು ಹೊಸ ಕುದುರೆ ಬಂದು ಸೇರಿದರೆ ಲೆಕ್ಕ ಮತ್ತೆ ಒಂದರಿಂದ ಶುರು.

ಕೊಳ್ಳುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಗ್ಲ್ಯಾಂಡರ್ಸ್‌ಗೆ ಒಂದು, ಇನ್ಫೆಕ್ಷಿಯಸ್ ಅನೀಮಿಯಾಕ್ಕೆ ಕಾಗಿನ್ಸ್ ಪರೀಕ್ಷೆ, ಸಾಧ್ಯವಾದರೆ ಸರ್ರಾ ಮತ್ತು ಪೈರೋಪ್ಲಾಸ್ಮೋಸಿಸ್‌ಗೂ. ದೇಶದಲ್ಲಿ ಕುದುರೆ ರೋಗಗಳ ಪರೀಕ್ಷೆಗೆ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ನಮ್ಮಲ್ಲಿ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ಯಾವ ಸ್ಯಾಂಪಲ್ ಎಲ್ಲಿಗೆ ಹೋಗಬೇಕು ಅನ್ನುವುದನ್ನು ನಿಮ್ಮ ಪಶುವೈದ್ಯರೇ ಹೇಳುತ್ತಾರೆ. ಮಾರುವವರು ತೋರಿಸುವ ಹಳೆಯ ಕಾಗದದ ಮೇಲೆ ತಾರೀಖು ಎಷ್ಟರದ್ದು, ಅದರಲ್ಲಿ ಬರೆದ ಬಣ್ಣ, ಹಣೆಯ ಚುಕ್ಕೆ, ಕಾಲಿನ ಬಿಳುಪು ಈ ಕುದುರೆಗೆ ಹೊಂದುತ್ತದೆಯೇ ಅಂತ ನೋಡುವುದನ್ನು ಮರೆಯಬೇಡಿ.

5. ಬಕೆಟ್, ಪೈಪು, ತೋಬ್ರಾ

ಕುದುರೆ ನೋಡಿಕೊಳ್ಳುವ ಆಳು, ಅಂದರೆ ಸೈಸ್, ನೀರು ತುಂಬಿಸುವುದನ್ನು ಒಂದು ಬೆಳಿಗ್ಗೆ ಸುಮ್ನೆ ನಿಂತು ನೋಡಿ. ಪೈಪಿನ ತುದಿಯನ್ನು ಮೊದಲ ಬಕೆಟ್ಟಿನ ನೀರೊಳಗೆ ಮುಳುಗಿಸಿ ಬಿಡುತ್ತಾರೆ. ತುಂಬಿದ ಮೇಲೆ ಅದನ್ನೇ ಎಳೆದು ಎರಡನೆಯದಕ್ಕೆ ಹಾಕುತ್ತಾರೆ, ಆಮೇಲೆ ಮೂರನೆಯದಕ್ಕೆ. ಮೊದಲ ಕುದುರೆಯ ಎಂಜಲು, ಸಿಂಬಳ ಪೈಪಿನ ತುದಿಗೆ ಅಂಟಿಕೊಂಡು ಸಾಲಿನ ಕೊನೆಯ ಕುದುರೆಯ ತನಕ ಹೋಗುತ್ತದೆ. ಬಕೆಟ್ಟು ಬೇರೆ ಬೇರೆ ಇಟ್ಟಿದ್ದೂ ದಂಡವಾಯಿತು. ಪೈಪಿನ ತುದಿ ನೀರಿಗೆ ಮುಟ್ಟದಂತೆ ಮೇಲಿಂದಲೇ ಬಿಡಬೇಕು. ಬಕೆಟ್ಟಿನ ಅಂಚಿಗೂ ತಾಗಬಾರದು. ಇದಕ್ಕೆ ಖರ್ಚು ಏನೂ ಇಲ್ಲ, ಆದರೆ ಅಭ್ಯಾಸ ಬಿಡಿಸುವುದು ಕಷ್ಟ. ಪೈಪನ್ನು ಮೊಣಕಾಲೆತ್ತರದ ಕೊಕ್ಕೆಗೆ ಸಿಕ್ಕಿಸಿಬಿಟ್ಟರೆ ತಾನಾಗೇ ಸರಿಹೋಗುತ್ತದೆ.

ಎಲ್ಲಕ್ಕೂ ಒಂದೇ ಸಿಮೆಂಟ್ ತೊಟ್ಟಿ ಇದ್ದರೆ ಯೋಚನೆ ಮಾಡಲೇಬೇಕು. ಸ್ಟ್ರ್ಯಾಂಗಲ್ಸ್ ರೋಗಾಣು ಒಣಗಿದ, ಬಿಸಿಲು ಬೀಳುವ ಜಾಗದಲ್ಲಿ ಬೇಗ ಸಾಯುತ್ತದೆ. ನೀರಿನಲ್ಲಾದರೆ ವಾರಗಟ್ಟಲೆ ಬದುಕಬಲ್ಲದು. ಗ್ಲ್ಯಾಂಡರ್ಸ್‌ಗೂ ನೀರಿನ ತೊಟ್ಟಿಯೇ ಹಳೆಯ ದಾರಿ. ತೊಟ್ಟಿಯನ್ನು ತುಂಬಿಕೊಳ್ಳಲು ಇಟ್ಟುಕೊಳ್ಳಿ, ಕುಡಿಸುವುದು ಬಕೆಟ್ಟಿನಲ್ಲಿ ಇರಲಿ. ಟಾಂಗಾ ಸ್ಟ್ಯಾಂಡಿನಲ್ಲಿ ನಿಲ್ಲುವವರು ಗಾಡಿಯ ಕೆಳಗೆ ತಮ್ಮದೇ ಒಂದು ಬಕೆಟ್ ಕಟ್ಟಿಕೊಂಡು ಹೋಗಬೇಕು.

ಹುರುಳಿ ತುಂಬಿ ಮೂತಿಗೆ ಕಟ್ಟುವ ಚೀಲ, ಅಂದರೆ ತೋಬ್ರಾ, ಇನ್ನೂ ಅಪಾಯ, ಯಾಕೆಂದರೆ ಕುದುರೆಯ ಮೂಗು ಅದರೊಳಗೇ ಇರುತ್ತದೆ. ಕಡಿವಾಣ, ಬಾಯಿಕಟ್ಟು, ಮುಖ ಒರೆಸುವ ಬಟ್ಟೆ, ಮೂಗಿನ ಹತ್ತಿರ ಬಳಸುವ ಬ್ರಷ್ಷು ಕೂಡ ಅಷ್ಟೇ. ಇವು ಕುದುರೆಗೊಂದರಂತೆ ಇರಲಿ. ಪ್ರತಿ ಕುದುರೆಗೂ ಒಂದು ಬಣ್ಣ ಗೊತ್ತು ಮಾಡಿ, ಎಲ್ಲ ಸಾಮಾನಿಗೂ ಆ ಬಣ್ಣದ ಪೇಂಟ್ ಬಳಿಯಿರಿ. ಓದಲು ಬಾರದ ಹುಡುಗನಿಗೂ ಗೊತ್ತಾಗುತ್ತದೆ. ಜೀನು ಹಂಚಿಕೊಳ್ಳದೆ ಆಗುವುದಿಲ್ಲ ಅನ್ನುವ ರೈಡಿಂಗ್ ಸ್ಕೂಲಿನವರು ಜೀನಿನ ಕೆಳಗಿನ ಬಟ್ಟೆಯನ್ನಾದರೂ ಬೇರೆ ಮಾಡಿ.

6. ಕೈ, ಬಟ್ಟೆ, ಬೂಟು

2007ರಲ್ಲಿ ಆಸ್ಟ್ರೇಲಿಯಾದಲ್ಲಿ ಆದದ್ದು ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಪ್ರಕರಣ. ಆ ದೇಶದಲ್ಲಿ ಅಲ್ಲಿಯವರೆಗೆ ಕುದುರೆ ಫ್ಲೂ ಇರಲೇ ಇಲ್ಲ. ಹೊರದೇಶದಿಂದ ಬಂದ ಕುದುರೆಗಳನ್ನು ಸಿಡ್ನಿ ಹತ್ತಿರದ ಈಸ್ಟರ್ನ್ ಕ್ರೀಕ್ ಕ್ವಾರಂಟೈನ್ ಕೇಂದ್ರದಲ್ಲಿ ಇಟ್ಟಿದ್ದರು. ಕುದುರೆಗಳು ಗೇಟಿನೊಳಗೇ ಇದ್ದವು, ವೈರಸ್ ಮಾತ್ರ ಆಚೆ ಬಂತು. ಒಳಗೆ ಕೆಲಸ ಮಾಡಿದವರ ಮೈ, ಬಟ್ಟೆ ಅಥವಾ ಸಲಕರಣೆಯ ಮೂಲಕ ಅದು ಹೊರಗೆ ಬಂದಿರುವುದೇ ಹೆಚ್ಚು ಸಂಭವ ಅಂತ ಆಮೇಲೆ ನಡೆದ ತನಿಖೆ ಹೇಳಿತು. ಒಳಗೆ ಬಂದು ಹೋಗುವವರು ಮೈ ತೊಳೆದು ಬಟ್ಟೆ ಬದಲಿಸುವ ಕಟ್ಟುಪಾಡು ಸರಿಯಾಗಿ ನಡೆಯುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಸುಮಾರು 10,000 ಜಾಗಗಳಿಗೆ ರೋಗ ಹರಡಿತು. ಕುದುರೆಗಳ ಓಡಾಟ ನಿಲ್ಲಿಸಿ, ಲಸಿಕೆ ಹಾಕಿ ಅವರು ಅದನ್ನು ಪೂರ್ತಿ ತೊಲಗಿಸಿದರು. ಆದರೆ ಸರ್ಕಾರದ ಕ್ವಾರಂಟೈನ್ ಗೇಟನ್ನೇ ವೈರಸ್ ಮನುಷ್ಯರ ಜೊತೆ ದಾಟಬಲ್ಲದು ಅಂದಮೇಲೆ ನಮ್ಮ ತಂತಿಬೇಲಿ ಯಾವ ಲೆಕ್ಕ?

ಹಾಗಾಗಿ ಕೆಲಸಕ್ಕೆ ಒಂದು ಕ್ರಮ ಇರಲಿ. ಮೊದಲು ಮರಿಗಳು ಮತ್ತು ಗಬ್ಬದ ಕುದುರೆಗಳು, ಆಮೇಲೆ ಆರೋಗ್ಯವಾಗಿರುವ ದೊಡ್ಡವು, ಆಮೇಲೆ ಹೊಸದಾಗಿ ಬಂದವು, ಎಲ್ಲಕ್ಕಿಂತ ಕೊನೆಗೆ ಕಾಯಿಲೆಯದು. ಹಿಂದಕ್ಕೆ ಹೋಗುವಂತಿಲ್ಲ. ಕಾಯಿಲೆ ಕುದುರೆಯನ್ನು ನೋಡಿಕೊಳ್ಳಲು ಬೇರೆಯೇ ಒಬ್ಬರಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಲ್ಲಿಗೆಂದೇ ಒಂದು ಹಳೆಯ ಶರ್ಟು, ಒಂದು ಜೊತೆ ಗಮ್‌ಬೂಟು ಬಾಗಿಲಲ್ಲೇ ಇಟ್ಟುಬಿಡಿ. ಅವು ಆಚೆ ಬರಬಾರದು.

ಕೈ ತೊಳೆಯಲು ಸೋಪು ಮತ್ತು ಹರಿಯುವ ನೀರೇ ಮೇಲು. ಸ್ಯಾನಿಟೈಸರ್ ಕೊಳೆ ಇಲ್ಲದ ಕೈ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ ಇಟ್ಟರೆ ಆಯ್ತು ಅಂದುಕೊಳ್ಳುವವರಿದ್ದಾರೆ. ಲದ್ದಿ ಮೆತ್ತಿದ ಬೂಟನ್ನು ಅದರಲ್ಲಿ ಅದ್ದಿದರೆ ಹತ್ತು ನಿಮಿಷಕ್ಕೆ ಅದು ಬರೀ ಲದ್ದಿ ನೀರು. ಮೊದಲು ಬ್ರಷ್ಷಿನಿಂದ ಉಜ್ಜಿ, ಆಮೇಲೆ ಅದ್ದಿ, ದಿನಾ ನೀರು ಬದಲಿಸಿ.

ಲಾಳ ಹೊಡೆಯುವವರು ಒಂದೇ ದಿನ ನಾಲ್ಕು ಲಾಯ ಸುತ್ತುತ್ತಾರೆ. ಅವರು ಬಂದಾಗ ಕೈ ತೊಳೆಯಲು ನೀರು, ಸೋಪು ಕೊಡಿ. ಚಹಾ ಕೊಡುವ ಮುಂಚೆಯೇ ಕೊಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕ್ಯಾರೆಟ್ ಹಿಡಿದು ಎಲ್ಲ ಕುದುರೆಗಳ ಮೂತಿ ಸವರುವ ಮಕ್ಕಳಿಗೂ ಇದೇ ನಿಯಮ. ಒಂದು ಕುದುರೆ, ಒಂದು ಸಲ ಕೈತೊಳೆ.

7. ಸೂಜಿ ಮತ್ತು ನೊಣ

ಒಂದು ಕುದುರೆಗೆ ಒಂದು ಸೂಜಿ, ಒಂದು ಸಿರಿಂಜು. ಆಮೇಲೆ ಎಸೆಯಿರಿ. ಇದರಲ್ಲಿ ರಾಜಿಯೇ ಇಲ್ಲ. ಸರ್ರಾ, ಇನ್ಫೆಕ್ಷಿಯಸ್ ಅನೀಮಿಯಾ ಎರಡೂ ರಕ್ತ ಮೆತ್ತಿದ ಸೂಜಿಯಿಂದ ದಾಟುತ್ತವೆ. ಅನೀಮಿಯಾಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಒಮ್ಮೆ ತಗುಲಿದ ಕುದುರೆ ಬದುಕಿರುವ ತನಕ ವೈರಸ್ ಹೊತ್ತಿರುತ್ತದೆ. ಡ್ರಿಪ್ ಸೆಟ್, ಹಲ್ಲು ಉಜ್ಜುವ ಅರ, ಹೊಟ್ಟೆಗೆ ಹಾಕುವ ಟ್ಯೂಬಿಗೂ ಇದೇ ಮಾತು. ಅರ, ಟ್ಯೂಬನ್ನು ಎಸೆಯಲು ಆಗುವುದಿಲ್ಲ, ತೊಳೆದು ಸೋಂಕು ನಿವಾರಕದಲ್ಲಿ ನೆನೆಸಿ ಬಳಸಬೇಕು.

ಕುದುರೆ ನೊಣ ಕಚ್ಚಿದಾಗ ನೋವಿಗೆ ಕುದುರೆ ಬಾಲ ಬೀಸುತ್ತದೆ. ಅರ್ಧ ಹೀರಿದ ನೊಣ ಪಕ್ಕದ ಕುದುರೆ ಮೇಲೆ ಕೂತು ಊಟ ಮುಗಿಸುತ್ತದೆ. ರೋಗ ದಾಟುವುದೇ ಆಗ. ಅದಕ್ಕೇ ಅನೀಮಿಯಾ ಇರುವ ಕುದುರೆಯನ್ನು ಉಳಿದವುಗಳಿಂದ 200 ಮೀಟರ್ ದೂರ ಇಡಬೇಕು ಅನ್ನುತ್ತಾರೆ. ಮಳೆಗಾಲದಲ್ಲಿ, ಅದು ಮುಗಿದ ಹೊಸತರಲ್ಲಿ ಈ ನೊಣಗಳ ಕಾಟ ಜಾಸ್ತಿ. ತಿಪ್ಪೆಯನ್ನು ಲಾಯದಿಂದ ದೂರ ಹಾಕಿ, ನಿಂತ ನೀರು ಹರಿಸಿ, ಸಂಜೆ ಬಲೆ ಇಳಿಬಿಡಿ. ಬೇವಿನ ಸೊಪ್ಪಿನ ಹೊಗೆ ಹಾಕಿದರೆ ನೊಣ ಸ್ವಲ್ಪ ಹೊತ್ತು ದೂರ ಹೋಗುತ್ತದೆ, ಒಪ್ಪಿದೆ. ಆದರೆ ಮುಚ್ಚಿದ ಲಾಯದಲ್ಲಿ ಕೆಮ್ಮುವ ಕುದುರೆಗೆ ಹೊಗೆ ಹಾಕುವುದು ಅನ್ಯಾಯ.

8. ಮೊದಲು ತೊಳೆ, ಆಮೇಲೆ ಔಷಧಿ

ಲದ್ದಿ ಬಿದ್ದ ನೆಲದ ಮೇಲೆ ಫಿನಾಯಿಲ್ ಸುರಿದು ಘಮಘಮ ಅನ್ನಿಸಿದರೆ ಅದು ಶುದ್ಧವಾದಂತಲ್ಲ. ಕೊಳೆ ಇರುವ ಕಡೆ ಬ್ಲೀಚ್ ಅಂತೂ ಬಲು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಕ್ರಮ ಹೀಗೆ: ಹುಲ್ಲು, ಲದ್ದಿ ಪೂರ್ತಿ ಹೊರಗೆ ತೆಗೆಯಿರಿ. ಸೋಪು ಪುಡಿ ಹಾಕಿದ ನೀರಿನಲ್ಲಿ ಗೋಡೆ, ಗೋದಲಿ, ಬಾಗಿಲ ಅಂಚು ಉಜ್ಜಿ. ಕುದುರೆ ಮೂಗು ಒರೆಸುವುದು ಬಾಗಿಲ ಮೇಲಂಚಿಗೆ, ಅದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಚೆನ್ನಾಗಿ ನೀರು ಹಾಕಿ ತೊಳೆದು ಒಣಗಲು ಬಿಡಿ. ಒಣಗಿದ ಮೇಲೆ ಸೋಂಕು ನಿವಾರಕ ಹಾಕಿ, ಹತ್ತು ನಿಮಿಷವಾದರೂ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಿ. ಆಮೇಲೆ ಮತ್ತೆ ನೀರಲ್ಲಿ ತೊಳೆದು ಬಿಸಿಲಿಗೆ ಬಿಡಿ. ಹೈ ಪ್ರೆಶರ್ ಪಂಪಿನಲ್ಲಿ ಹೊಡೆದರೆ ಕೊಳೆ ಹನಿಹನಿಯಾಗಿ ಗಾಳಿಗೆ ಹಾರುತ್ತದೆ, ಪಕ್ಕದಲ್ಲಿ ಕುದುರೆ ಇದ್ದಾಗ ಬೇಡ.

ಮನೆಯಲ್ಲಿ ಬಳಸುವ ದ್ರವ ಬ್ಲೀಚ್ ಒಂದು ಪಾಲಿಗೆ ಹತ್ತು ಪಾಲು ನೀರು ಸಾಕು. ವಿರ್ಕಾನ್ ಎಸ್ ಅನ್ನುವ ಸೋಂಕು ನಿವಾರಕ ಪುಡಿ ಸಿಕ್ಕರೆ ಲೀಟರಿಗೆ 10 ಗ್ರಾಂ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಮಣ್ಣಿನ ನೆಲವನ್ನು ಯಾವ ಔಷಧಿಯಿಂದಲೂ ಪೂರ್ತಿ ಶುದ್ಧ ಮಾಡಲಾಗದು. ಮೇಲಿನ ಮಣ್ಣು ಕೆರೆದು ತೆಗೆದು, ಬಿಸಿಲು ಬೀಳುವಂತೆ ಕೆಲವು ವಾರ ಖಾಲಿ ಬಿಡಿ. ಮರದ ಗೋದಲಿ ಬಿರುಕು ಬಿಟ್ಟಿದ್ದರೆ ಸಾಣೆ ಹೊಡೆದು ಪೇಂಟ್ ಬಳಿಯಿರಿ, ಇಲ್ಲವೇ ಒಲೆಗೆ ಹಾಕಿ. ಕಾಯಿಲೆ ಕುದುರೆಯ ಲದ್ದಿಯನ್ನು ಉಳಿದವು ಮೇಯುವ ಬಯಲಿಗೆ ಹರಡಬಾರದು.

9. ಲಸಿಕೆ

ಕುದುರೆ ಫ್ಲೂ ಮತ್ತು ಹರ್ಪಿಸ್‌ಗೆ ಲಸಿಕೆ ಇದೆ. ಫ್ಲೂಗೆ ಮೊದಲು ಕೆಲವು ವಾರ ಬಿಟ್ಟು ಎರಡು ಡೋಸ್, ಆಮೇಲೆ ಬೂಸ್ಟರ್. ಜನ, ಕುದುರೆ ಸೇರುವ ಕಡೆ ಹೋಗುವ ಕುದುರೆಗೆ ಆರು ತಿಂಗಳಿಗೊಮ್ಮೆ ಹಾಕಿಸುವುದುಂಟು. 2008ರಲ್ಲಿ ಜಮ್ಮುವಿನ ಕತ್ರಾದಲ್ಲಿ ಕಾಣಿಸಿಕೊಂಡ ಫ್ಲೂ ಮುಂದಿನ ವರ್ಷದ ಹೊತ್ತಿಗೆ ದೇಶದ ಹಲವು ರಾಜ್ಯಗಳಿಗೆ ಹಬ್ಬಿತ್ತು. ಒಂದು ಕುದುರೆಗೆ ಹಾಕಿಸಿ ಉಳಿದ ಮೂರಕ್ಕೆ ದುಡ್ಡು ಉಳಿಸಿದರೆ ಪ್ರಯೋಜನ ಇಲ್ಲ. ಇಡೀ ಲಾಯಕ್ಕೆ ಒಂದೇ ದಿನ ಹಾಕಿಸಿ. ಧನುರ್ವಾಯು, ರೇಬಿಸ್ ಲಸಿಕೆಯನ್ನೂ ಜೊತೆಗೆ ಕೇಳಿ. ಧನುರ್ವಾಯು ಅಂಟುರೋಗ ಅಲ್ಲ, ಆದರೂ ಕುದುರೆಗೆ ಅದು ಯಮ.

10. ಜ್ವರ ಕಂಡ ದಿನ ಮಾಡಬೇಕಾದ್ದು

ಬೆಳಿಗ್ಗೆ 102 ತೋರಿಸಿತು ಅಂತಿಟ್ಟುಕೊಳ್ಳಿ. ಮೊದಲ ಕೆಲಸ, ಆ ಕುದುರೆಯನ್ನು ಗುರುತು ಮಾಡಿಟ್ಟ ಜಾಗಕ್ಕೆ ಅದರ ಬಕೆಟ್, ಬ್ರಷ್ಷು, ಹಗ್ಗದ ಸಮೇತ ಕೊಂಡೊಯ್ಯಿರಿ. ಎರಡನೆಯದು, ಲಾಯದ ಬಾಗಿಲು ಮುಚ್ಚಿ. ಆ ದಿನದ ಸವಾರಿ, ಮೆರವಣಿಗೆ, ಬಾಡಿಗೆ ಎಲ್ಲ ರದ್ದು. ಯಾವ ಕುದುರೆಯೂ ಹೊರಗೆ ಹೋಗುವುದು ಬೇಡ, ಒಳಗೆ ಬರುವುದೂ ಬೇಡ. ಮುಂಗಡ ಹಣ ವಾಪಸ್ ಕೊಡುವುದು ಕಷ್ಟ, ಗೊತ್ತು. ಆದರೆ ಮದುವೆ ಮನೆಗೆ ಬರುವ ಬೇರೆಯವರ ಕುದುರೆಗೂ ರೋಗ ಅಂಟಿಸಿ ಬಂದರೆ ಮುಂದಿನ ಸೀಸನ್ನಿನಲ್ಲಿ ನಿಮ್ಮನ್ನು ಕರೆಯುವವರು ಯಾರು?

ಮೂರನೆಯದು, ಪಶುವೈದ್ಯರಿಗೆ ಫೋನು. ಸಿಗದಿದ್ದರೆ 1962ಕ್ಕೆ ಮಾಡಿ, ಅದು ಪಶು ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ. ಮೂಗಿನ ಸ್ಯಾಂಪಲ್ ತೆಗೆಯುವ ಮುಂಚೆ ಮನೆಯಲ್ಲಿದ್ದ ಹಳೆಯ ಆ್ಯಂಟಿಬಯಾಟಿಕ್ ಚುಚ್ಚಬೇಡಿ. ರೋಗ ಯಾವುದು ಅಂತ ತಿಳಿಯುವ ದಾರಿಯೇ ಮುಚ್ಚಿಹೋಗಬಹುದು.

ನಾಲ್ಕನೆಯದು, ಉಳಿದವನ್ನು ಎರಡು ಗುಂಪು ಮಾಡಿ. ಕಾಯಿಲೆಯದರ ಪಕ್ಕ ನಿಂತವು, ಅದರ ಜೊತೆ ನೀರು ಕುಡಿದವು ಒಂದು ಕಡೆ. ಅದನ್ನು ಮುಟ್ಟದೇ ಇದ್ದವು ಇನ್ನೊಂದು ಕಡೆ. ಎರಡಕ್ಕೂ ದಿನಕ್ಕೆ ಎರಡು ಹೊತ್ತು ಜ್ವರ ನೋಡಿ. ಇಲ್ಲಿ ಒಂದು ತಪ್ಪು ಸಾಮಾನ್ಯ. ಪಕ್ಕದಲ್ಲಿದ್ದ ಕುದುರೆ ಆರೋಗ್ಯವಾಗಿ ಕಾಣುತ್ತದೆ ಅಂತ ಅದನ್ನು ‘ಕಾಪಾಡಲು’ ದೂರದ ನೆಂಟರ ತೋಟಕ್ಕೆ ಕಳಿಸುತ್ತಾರೆ. ರೋಗವನ್ನು ಊರಿಂದೂರಿಗೆ ಒಯ್ಯುವುದೇ ಹೀಗೆ.

ಗಬ್ಬದ ಕುದುರೆ ಅವಧಿಗೆ ಮುಂಚೆ ಕಂದು ಹಾಕಿದರೆ ಹರ್ಪಿಸ್ ಅಂತಲೇ ತಿಳಿದು ನಡೆಯಿರಿ. ಸತ್ತ ಮರಿ, ಮಾಸು, ನೆನೆದ ಹುಲ್ಲು ಎಲ್ಲದರಲ್ಲೂ ವೈರಸ್ ಇರಬಹುದು. ನಾಯಿ ಎಳೆದಾಡದಂತೆ ಮುಚ್ಚಿ, ಗ್ಲೌಸ್ ಹಾಕಿಕೊಂಡು ಚೀಲದಲ್ಲಿ ಕಟ್ಟಿ, ಡಾಕ್ಟರು ಬರುವ ತನಕ ಹೂಳಬೇಡಿ. ಕುದುರೆ ಹಿಂಗಾಲು ಎಳೆದು ನಡೆಯುತ್ತಿದ್ದರೆ, ಉಚ್ಚೆ ತೊಟ್ಟಿಕ್ಕುತ್ತಿದ್ದರೆ ಅದೂ ಹರ್ಪಿಸ್‌ನ ಒಂದು ರೂಪ ಇರಬಹುದು. ಆಗ ತುರ್ತು.

11. ಯಾವಾಗ ಮತ್ತೆ ಸೇರಿಸಬೇಕು?

ಗಂಟು ಒಡೆದು ಕೀವು ಹೋಯಿತು, ಕುದುರೆ ಮೇಯುತ್ತಿದೆ, ಇನ್ನೇನು ಅಂತ ಸೇರಿಸಿಬಿಡುತ್ತಾರೆ. ವಾಸಿಯಾದ ಮೇಲೂ ವಾರಗಟ್ಟಲೆ ಸ್ಟ್ರ್ಯಾಂಗಲ್ಸ್ ರೋಗಾಣು ಮೂಗಿನಿಂದ ಬರುತ್ತಿರುತ್ತದೆ. ಹತ್ತರಲ್ಲಿ ಒಂದು ಕುದುರೆಯಲ್ಲಿ ಅದು ಕಿವಿಯಿಂದ ಗಂಟಲಿಗೆ ಬರುವ ನಾಳದಲ್ಲಿರುವ ಗಟ್ಟರಲ್ ಪೌಚ್ ಅನ್ನುವ ಚೀಲದಲ್ಲಿ ಕೂತು ತಿಂಗಳು, ವರ್ಷ ಇರಬಹುದು. ಹೊರಗೆ ಒಂದು ಲಕ್ಷಣವೂ ಇರುವುದಿಲ್ಲ. ಎಲ್ಲಿಂದ ಬಂತು ಅಂತ ತಿಳಿಯದೇ ಲಾಯದಲ್ಲಿ ಪ್ರತಿ ವರ್ಷ ಗಂಟಲು ಬಾವು ಏಳುತ್ತಿದ್ದರೆ ಇಂಥ ಒಂದು ಕುದುರೆ ನಿಮ್ಮಲ್ಲಿದೆ ಅಂತ ಅನುಮಾನಿಸಬೇಕು. ಎಂಡೋಸ್ಕೋಪ್ ಹಾಕಿ ಆ ಚೀಲ ತೊಳೆದು ಪಿಸಿಆರ್ ಮಾಡಿಸುವುದು ಸರಿಯಾದ ದಾರಿ. ಅದು ಸಿಗದಿದ್ದರೆ ವಾರಕ್ಕೊಂದರಂತೆ ಮೂರು ಸಲ ಮೂಗಿನ ಹಿಂಭಾಗ ತೊಳೆದ ನೀರಿನ ಪರೀಕ್ಷೆ. ಮೂರೂ ನೆಗೆಟಿವ್ ಬಂದ ಮೇಲೆ ಸೇರಿಸಿ.

ಹರ್ಪಿಸ್ ಇದ್ದ ಲಾಯದಲ್ಲಿ ಕೊನೆಯ ಕುದುರೆಗೆ ಜ್ವರ ಬಿಟ್ಟ ದಿನದಿಂದ 21ರಿಂದ 28 ದಿನ ಕಾಯಬೇಕು. ಫ್ಲೂ ಬಂದ ಕುದುರೆಗೆ ಎಷ್ಟು ದಿನ ಜ್ವರ ಇತ್ತೋ ಅಷ್ಟು ವಾರ ವಿಶ್ರಾಂತಿ, ಎಷ್ಟೇ ಕಡಿಮೆ ಅಂದರೂ ಮೂರು ವಾರ. ಕೆಮ್ಮು ನಿಂತ ಮಾರನೇ ದಿನವೇ ಗಾಡಿಗೆ ಹೂಡಿದರೆ ಶ್ವಾಸಕೋಶ ಹಾಳಾಗುತ್ತದೆ.

12. ಗ್ಲ್ಯಾಂಡರ್ಸ್ ಅನುಮಾನ ಬಂದರೆ ದಾರಿಯೇ ಬೇರೆ

ಮೂಗಿನ ಒಳಗೆ ಹುಣ್ಣು, ಒಂದು ಹೊಳ್ಳೆಯಿಂದ ಅಂಟಂಟಾದ ಅಥವಾ ರಕ್ತ ಬೆರೆತ ಸಿಂಬಳ, ಕಾಲಿನ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಗಂಟುಗಳು ಎದ್ದು ಒಡೆದು ಜೇನಿನ ಬಣ್ಣದ ಕೀವು, ತಿಂದರೂ ಸೊರಗುವುದು. ಇವು ಕಂಡರೆ ಗಂಟು ಹಿಸುಕಬೇಡಿ, ಮೂಗಿಗೆ ಕೈ ಹಾಕಬೇಡಿ. ಈ ರೋಗ ಮನುಷ್ಯರಿಗೂ ಬರುತ್ತದೆ, ಜೀವ ತೆಗೆಯಬಲ್ಲದು. ಮಾಸ್ಕ್, ಗ್ಲೌಸ್ ಇಲ್ಲದೆ ಹತ್ತಿರ ಹೋಗಬಾರದು. ಕತ್ತೆ, ಹೇಸರಗತ್ತೆಗಳಲ್ಲಿ ಇದು ಬೇಗ ಉಲ್ಬಣಿಸುತ್ತದೆ. ಕುದುರೆಯಲ್ಲಿ ತಿಂಗಳುಗಟ್ಟಲೆ ಒಳಗೇ ಕುದಿಯಬಹುದು.

ಇದಕ್ಕೆ ಲಸಿಕೆ ಇಲ್ಲ. ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳುವಂತೆಯೂ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ತಿಳಿಸಲೇಬೇಕಾದ ರೋಗ ಇದು. ಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಗೆ ನೋವಿಲ್ಲದ ಸಾವು ಕೊಟ್ಟು, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳುತ್ತಾರೆ. ಮಾಲೀಕರಿಗೆ ಸರ್ಕಾರದ ಪರಿಹಾರ ಇದೆ. ಆದರೂ ಕುದುರೆಯನ್ನು ಸಾಯಿಸುತ್ತಾರೆ ಅಂತ ಹೆದರಿ ಮುಚ್ಚಿಡುವವರು, ರಾತ್ರೋರಾತ್ರಿ ಮಾರುವವರು ಇದ್ದಾರೆ. ಸಾಕಿದ ಜೀವ ಹೋಗುವಾಗ ಆಗುವ ಸಂಕಟಕ್ಕೆ ಪರಿಹಾರದ ಹಣ ಸಮ ಅಲ್ಲ, ನಿಜ. ಆದರೆ ಅದೇ ಲಾಯದಲ್ಲಿ ಮಲಗುವ ಸೈಸ್‌ಗೂ ಅವನ ಮಕ್ಕಳಿಗೂ ಜೀವ ಇದೆಯಲ್ವಾ.

2023ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಕುದುರೆಗೆ ಗ್ಲ್ಯಾಂಡರ್ಸ್ ಇರುವುದು ಗೊತ್ತಾದಾಗ ಸುತ್ತಲಿನ 5 ಕಿಲೋಮೀಟರನ್ನು ರೋಗಪೀಡಿತ ವಲಯ ಅಂತಲೂ 25 ಕಿಲೋಮೀಟರ್ ತನಕ ನಿಗಾ ವಲಯ ಅಂತಲೂ ಘೋಷಿಸಿ ಕುದುರೆ, ಕತ್ತೆಗಳ ಓಡಾಟ ನಿಲ್ಲಿಸಿದ್ದರು. 2025ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಯೋಜನೆಯಲ್ಲಿ ಈ ಅಂತರವನ್ನು 2 ಮತ್ತು 10 ಕಿಲೋಮೀಟರಿಗೆ ಇಳಿಸಿದ್ದಾರೆ. ಇಂಥ ಆದೇಶ ಬಂದಾಗ ರಕ್ತ ಪರೀಕ್ಷೆಗೆ ಬರುವವರಿಗೆ ಲಾಯದ ಎಲ್ಲ ಕುದುರೆಗಳನ್ನೂ ತೋರಿಸಿ, ಹಿಂದಿನ ತೋಟದಲ್ಲಿ ಕಟ್ಟಿದ ಕತ್ತೆಯನ್ನೂ ಸೇರಿಸಿ.

13. ಹೊರಗೆ ಹೋಗುವಾಗ, ಬಂದಾಗ

2021ರ ಫೆಬ್ರವರಿಯಲ್ಲಿ ಸ್ಪೇನ್‌ನ ವಲೆನ್ಸಿಯಾದಲ್ಲಿ ಜಂಪಿಂಗ್ ಸ್ಪರ್ಧೆಗೆ ಸೇರಿದ ಕುದುರೆಗಳ ನಡುವೆ ಹರ್ಪಿಸ್ ಹಬ್ಬಿ, ಯುರೋಪಿನ ಹಲವು ದೇಶಗಳ ಸ್ಪರ್ಧೆಗಳೇ ನಿಂತುಹೋದವು. 18 ಕುದುರೆಗಳು ಸತ್ತವು. ಅದಾದ ಮೇಲೆ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪ್ರತಿ ಕುದುರೆಯ ಜ್ವರವನ್ನು ದಿನಕ್ಕೆ ಎರಡು ಸಲ ನೋಡಿ, ಆ ಲೆಕ್ಕವನ್ನು ಆ್ಯಪ್‌ನಲ್ಲಿ ತುಂಬುವುದು ಕಡ್ಡಾಯವಾಯಿತು. ಲಾಯದ ಗೋಡೆಯ ನೋಟ್‌ಬುಕ್ಕು ಮಾಡುವುದೂ ಅದೇ ಕೆಲಸವನ್ನು.

ದಸರಾ ಮೆರವಣಿಗೆ, ಮದುವೆ ಸೀಸನ್, ರೈಡಿಂಗ್ ಸ್ಪರ್ಧೆ, ಎಲ್ಲಿಗೇ ಹೋಗಲಿ, ಹೊರಡುವ ಮುಂಚಿನ ಮೂರು ದಿನ ಜ್ವರ ಇಲ್ಲದಿದ್ದರೆ ಮಾತ್ರ ಹೊರಡಿ. ಬಕೆಟ್, ತೋಬ್ರಾ, ಹುಲ್ಲು, ಹಗ್ಗ ನಿಮ್ಮದೇ ಇರಲಿ. ಬೇರೆ ಕುದುರೆಯ ಮೂಗಿಗೆ ಮೂಗು ತಾಗಿಸಿ ಫೋಟೊ ತೆಗೆಯುವುದು ಬೇಡ. ಬಾಡಿಗೆ ಲಾರಿಯಾದರೆ ಹಿಂದೆ ಯಾವ ಕುದುರೆ ಹೋಗಿತ್ತು ಅಂತ ಕೇಳಿ, ಹಳೆ ಹುಲ್ಲು ಗುಡಿಸಿ ತೊಳೆದ ಮೇಲೆಯೇ ಹತ್ತಿಸಿ. ದೂರದ ದಾರಿಯಲ್ಲಿ ತಲೆಯನ್ನು ಎತ್ತರಕ್ಕೆ ಬಿಗಿಯಾಗಿ ಕಟ್ಟಿದರೆ ಮೂಗಿನ ಕೊಳೆ ಶ್ವಾಸಕೋಶಕ್ಕೆ ಇಳಿದು ಜ್ವರ ಬರುತ್ತದೆ, ನಾಲ್ಕೈದು ಗಂಟೆಗೊಮ್ಮೆ ನಿಲ್ಲಿಸಿ ತಲೆ ತಗ್ಗಿಸಲು ಬಿಡಿ.

ವಾಪಸ್ ಬಂದ ಕುದುರೆಯನ್ನು ಎರಡು ವಾರ ತುಸು ದೂರ ಕಟ್ಟಿ, ದಿನಾ ಎರಡು ಹೊತ್ತು ಡಿಗ್ರಿ ನೋಡಿ. ವಾರವಾರವೂ ಹೊರಗೆ ಹೋಗುವ ಕುದುರೆಗಳಿದ್ದರೆ ಇದು ನಡೆಯುವ ಮಾತಲ್ಲ. ಹಾಗಿದ್ದಾಗ ಹೊರಗೆ ಓಡಾಡುವವನ್ನೆಲ್ಲ ಒಂದು ಸಾಲಿನಲ್ಲಿ, ಮರಿ ಮತ್ತು ಗಬ್ಬದವನ್ನು ಇನ್ನೊಂದು ಸಾಲಿನಲ್ಲಿ ಕಾಯಂ ಆಗಿ ಇಟ್ಟುಬಿಡಿ. ಎರಡೂ ಸಾಲಿಗೆ ಬಕೆಟ್, ಸಲಿಕೆ, ಪೊರಕೆ ಬೇರೆ. ನೀರಿನ ಪೈಪು ಒಂದೇ ಇದ್ದರೆ ಗಬ್ಬದ ಸಾಲಿನಿಂದ ಶುರು ಮಾಡಿ.